ಮಹಜರಿನಲ್ಲಿ ಸಿಕ್ಕಿದ್ದೆಲ್ಲ ಬೀದಿಗೆ ಬರಬಾರದು

ಮಾನ್ಯರೇ,

2023ರ ಡಿಸೆಂಬರ್ ಕೊನೆಯಲ್ಲಿ ಚಿತ್ರದುರ್ಗದ ಪಾಳುಬಿದ್ದ ಮನೆಯೊಂದರಲ್ಲಿ ಒಂದೇ ಕುಟುಂಬದ ಐವರ ಅಸ್ಥಿಪಂಜರಗಳು ಸಿಕ್ಕವು. ಮನೆಯೊಳಗೆ 2019ರ ಕ್ಯಾಲೆಂಡರ್ ಇತ್ತು. ಸಾವು ಹೇಗಾಯಿತೆಂದು ಪೊಲೀಸರು ಹುಡುಕಲೇಬೇಕಿತ್ತು. ಆದರೆ ಹೋಟೆಲು, ಬಸ್‌ಸ್ಟ್ಯಾಂಡುಗಳಲ್ಲಿ ಜನ ಮಾತಾಡಿದ್ದು ಬೇರೆಯೇ: ಮಕ್ಕಳಿಗೆ ಮದುವೆ ಯಾಕಾಗಲಿಲ್ಲ, ನೆಂಟರು ಯಾಕೆ ಬರುತ್ತಿರಲಿಲ್ಲ.

ನಾನು ಠಾಣೆಯಲ್ಲಿ ದಾಖಲೆ ಬರೆಯುವ ರೈಟರ್ ಆಗಿದ್ದವನು. ಅಸಹಜ ಸಾವಿನ ಪ್ರಕರಣವೆಂದರೆ ಬೀರು, ಟ್ರಂಕು, ಹಾಸಿಗೆಯ ಅಡಿಯನ್ನೂ ಬಿಡದೆ ನೋಡುತ್ತೇವೆ. ಪಂಚರ, ಅಂದರೆ ಸಾಕ್ಷಿಗಳ ಎದುರು ಸ್ಥಳದಲ್ಲಿ ಕಂಡದ್ದನ್ನು ದಾಖಲಿಸುವ ಮಹಜರ್ ಬರೆಯುವಾಗ ಏನೇನೋ ಕೈಗೆ ಬರುತ್ತದೆ: ಸಾಲದ ಪತ್ರ, ವಾಪಸ್ ಬಂದ ಜಾತಕ, ಯಾರಿಗೂ ಹೇಳದ ಮೊದಲ ಮದುವೆಯ ಫೋಟೊ. ಕೇಸಿಗೆ ಬೇಕಾದ್ದು ಕೋರ್ಟಿಗೆ ಹೋಗಲಿ. ಉಳಿದದ್ದು ಆ ಮನೆಯವರದು. ಅಂಥದ್ದೆಲ್ಲ ಈಗ ವಾಟ್ಸ್‌ಆ್ಯಪಿನಲ್ಲಿ ಓಡಾಡುವುದನ್ನು ಕಂಡರೆ ಸಂಕಟವಾಗುತ್ತದೆ. ಸಣ್ಣ ಊರಲ್ಲಿ ಅದನ್ನು ಅನುಭವಿಸುವವರು ಬದುಕಿರುವ ಅಣ್ಣತಮ್ಮಂದಿರ ಮಕ್ಕಳು. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದೂ ಅದನ್ನೇ.

ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಪೊಲೀಸರು ಮಾಧ್ಯಮದವರಿಗೆ ಏನು ಹೇಳಬಹುದೆಂಬುದಕ್ಕೆ ಕೈಪಿಡಿ ಮಾಡಿ ಎಂದು 2023ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟ್ ಕೇಂದ್ರಕ್ಕೆ ಸೂಚಿಸಿತು. ಜಿಲ್ಲೆಯ ಎಸ್‌ಪಿಗಳು ಅಷ್ಟಕ್ಕೇ ಕಾಯಬೇಕಿಲ್ಲ. ಇಲಾಖೆಯ ಚಿತ್ರೀಕರಣ ಬಿಟ್ಟು ಬೇರಾರ ಮೊಬೈಲೂ ಮಹಜರಿನ ಜಾಗಕ್ಕೆ ಬರಕೂಡದೆಂದು ಪ್ರತಿ ಠಾಣೆಗೂ ಲಿಖಿತ ಆದೇಶ ಕಳಿಸಲಿ. ಪತ್ರಿಕೆಗಳೂ ಸತ್ತವರ ಮನೆಯ ಕಾಗದಗಳ ಫೋಟೊ ಹಾಕುವುದನ್ನು ನಿಲ್ಲಿಸಬೇಕೆಂದು ಕೈಮುಗಿದು ಕೇಳುತ್ತೇನೆ.

– ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಹಿರಿಯೂರು