ಕೆಂಪು ಕೇಪ್ ಹಾಕಿದವರೆಲ್ಲ ಕಳ್ಳರಾ?

ಮಾನ್ಯ ಸಂಪಾದಕರೇ,

ಶನಿವಾರ ಸಂಜೆ ನಮ್ಮ ಬಡಾವಣೆ ಮೈದಾನದ ಪುಸ್ತಕ ಮೇಳದಲ್ಲಿ ಆಗಿದ್ದನ್ನ ನಿಮ್ಮ ಪತ್ರಿಕೆ 'ನಕಲಿ ಕಾಮಿಕ್ಸ್ ಜಾಲ ಪತ್ತೆ' ಅಂತ ಹಾಕಿದೆ. ಜಾಲ ಅಂತೆ! ಒಂದು ಮಡಚೋ ಟೇಬಲ್ಲು, ಎರಡು ಕುರ್ಚಿ, ಡಿಗ್ರಿ ಮುಗಿಸಿ ಚಿತ್ರ ಬರ್ಕೊಂಡಿರೋ ಇಬ್ಬರು ಹುಡುಗರು, ಇದೇ ಜಾಲ. ಅವರು ಬರೆದ ಕಾಮಿಕ್ಸ್ ಹೀರೋಗೆ ಬೆನ್ನ ಮೇಲೆ ಹಾರೋ ಹೊದಿಕೆ, ಅದೇ ಕೆಂಪು ಕೇಪ್ ಇದೆ, ಹಾರ್ತಾನೆ, ಎದೆ ಮೇಲೆ ಒಂದು ಅಕ್ಷರ ಇದೆ, ಅಷ್ಟಕ್ಕೇ ಇದು ಅಮೆರಿಕದ ಕಂಪನಿ ಸ್ವತ್ತು ಅಂತ ಪೊಲೀಸ್ ಸಾಹೇಬರು ನಿಂತಲ್ಲೇ ತೀರ್ಪು ಕೊಟ್ಟು ಬಂಡಲ್ಲುಗಳನ್ನೆಲ್ಲ ಜೀಪಿಗೆ ಹಾಕಿಸಿದ್ರು. ಆ ಹೀರೋ ಹಗಲು ಹೊತ್ತು ಪಂಕ್ಚರ್ ಹಾಕ್ತಾನೆ, ರಾತ್ರಿ ನೀರಿನ ಟ್ಯಾಂಕರ್‌ನವರ ಜೊತೆ ಗುದ್ದಾಡ್ತಾನೆ. ಸೂಪರ್‌ಮ್ಯಾನ್ ಯಾವತ್ತು ಸ್ವಾಮಿ ಪಂಕ್ಚರ್ ಹಾಕಿದ್ದ? ಒಂದು ಪುಟ ತಿರುಗಿಸಿ ನೋಡಿದ್ರೂ ಸಾಕಿತ್ತು. ಯಾರೋ ಫೋನ್ ಮಾಡಿದ್ರಂತೆ, ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ಬಂದೇಬಿಟ್ರು.

ನನಗ್ಯಾಕೆ ಉರಿ ಅಂದ್ರೆ, ಆ ಬಂಡಲ್ಲುಗಳಲ್ಲಿ ಎರಡು ನಮ್ಮವು. ಸಂಘದ ಮಕ್ಕಳ ಸ್ಪರ್ಧೆಯ ಬಹುಮಾನಕ್ಕೆ ಅಂತ ಪೂರ್ತಿ ದುಡ್ಡು ಕೊಟ್ಟು ರಸೀದಿ ಇಸ್ಕೊಂಡಿದ್ದೆ, ಎತ್ಕೊಂಡು ಹೋಗೋದೊಂದು ಬಾಕಿ. ರಸೀದಿ ತೋರಿಸಿದ್ರೆ 'ನೀವೂ ಪಾರ್ಟಿನಾ' ಅಂತ ಕೇಳ್ತಾರೆ. ಜೀಪು ನನ್ನ ಸ್ಕೂಟರ್‌ಗೆ ಅಡ್ಡ ನಿಲ್ಲಿಸಿದ್ರಿಂದ ಮಳೇಲಿ ನಡ್ಕೊಂಡು ಸ್ಟೇಷನ್‌ಗೆ ಹೋದೆ, ಅಲ್ಲಿ ಸಾಹೇಬರು ಬಂದೋಬಸ್ತ್‌ಗೆ ಹೋಗಿದ್ದಾರೆ ಕೂತ್ಕೊಳ್ಳಿ ಅಂದ್ರು, ಕೂತೆ, ಕರೆಂಟ್ ಹೋಯ್ತು, ಕೊನೆಗೆ ರೈಟರ್ ಹೇಳಿದ್ದು ಕಾಪಿರೈಟ್ ಕಾಯ್ದೆ ಸೆಕ್ಷನ್ 64 ಪ್ರಕಾರ 15 ದಿನದೊಳಗೆ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಹಾಕ್ಕೊಳ್ಳಿ ಅಂತ. ಮಕ್ಕಳ ಬಹುಮಾನಕ್ಕೆ ವಕೀಲರನ್ನ ಇಟ್ಕೋಬೇಕಾ? ಈಗ ಅಧ್ಯಕ್ಷರು ಲೆಕ್ಕ ಕೇಳ್ತಿದ್ದಾರೆ, ನಾನು ಕೈಯಿಂದ ದುಡ್ಡು ಹಾಕಿ ಪ್ಲಾಸ್ಟಿಕ್ ಟಿಫನ್ ಬಾಕ್ಸ್ ತಂದಿದ್ದೀನಿ, ಅದರ ಮೇಲೆ ಸ್ಪೈಡರ್‌ಮ್ಯಾನ್ ಇದ್ದಾನೆ, ಖಂಡಿತ ಲೈಸೆನ್ಸ್ ಇಲ್ದೇ ಇರೋನು, ಅದನ್ನ ಮಾರೋ ಅಂಗಡಿ ಸ್ಟೇಷನ್ ಎದುರಿಗೇ ಇದೆ.

ಕಾಪಿ ಹೊಡೆಯೋರಿಗೆ ನಾನು ಸಪೋರ್ಟ್ ಮಾಡ್ತಿಲ್ಲ. ಹಿಂದಿಯ ರಾಜ್ ಕಾಮಿಕ್ಸ್‌ನ ಹೀರೋ ನಾಗರಾಜ್ ಗೊತ್ತಲ್ಲ, ಹಸಿರು ಮೈಯಿಗೆ ಹಾವಿನ ಚರ್ಮದ ಥರ ಡ್ರೆಸ್ಸು. ಅವನನ್ನೇ ನೋಡ್ಕೊಂಡು ಇನ್ನೊಬ್ಬ ಪ್ರಕಾಶಕರು ನಾಗೇಶ್ ಅಂತ ಒಬ್ಬನನ್ನ ಇಳಿಸಿದಾಗ ತೊಂಬತ್ತರ ದಶಕದಲ್ಲಿ ದೆಹಲಿ ಹೈಕೋರ್ಟೇ ತಡೆ ಕೊಡ್ತು, ಸರಿಯಾಗೇ ಕೊಡ್ತು. ಆದ್ರೆ ಕೊಟ್ಟಿದ್ದು ಕೋರ್ಟು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಮೆರಿಕದಲ್ಲೂ 1939ರಲ್ಲಿ ವಂಡರ್ ಮ್ಯಾನ್ ಅನ್ನೋನು ಸೂಪರ್‌ಮ್ಯಾನ್ ನಕಲು ಅಂತ ಒಂದೇ ಸಂಚಿಕೆಗೆ ಮುಗಿದುಹೋದ, ಅದೇ ಕೇಸಲ್ಲೇ 1940ರಲ್ಲಿ ಅಪೀಲು ಕೋರ್ಟು ಜಗತ್ತಿಗೆ ಉಪಕಾರ ಮಾಡೋ ಬಲಶಾಲಿ ಅನ್ನೋ ಬರೀ ಐಡಿಯಾ ಯಾರೊಬ್ಬರ ಸ್ವತ್ತೂ ಅಲ್ಲ ಅಂತಲೂ ಹೇಳಿದೆ. ಫಾಸೆಟ್ ಅನ್ನೋ ಪ್ರಕಾಶಕರ ಕ್ಯಾಪ್ಟನ್ ಮಾರ್ವೆಲ್ ಕೂಡ ಸೂಪರ್‌ಮ್ಯಾನ್ ನಕಲು ಅನ್ನೋ ವಿಷಯ ಅಂತೂ 1941ರಲ್ಲಿ ಕೋರ್ಟ್ ಮೆಟ್ಟಿಲು ಹತ್ತಿ, ವಿಚಾರಣೆ 1948ಕ್ಕೆ, ಅಪೀಲು 1951ಕ್ಕೆ, ಕಡೆಗೆ 1953ರಲ್ಲಿ ನಾಲ್ಕು ಲಕ್ಷ ಡಾಲರ್ ಕೊಟ್ಟು ರಾಜಿ. ಆಮೇಲೆ 1972ರಲ್ಲಿ ಕೇಸು ಹಾಕಿದ ಸೂಪರ್‌ಮ್ಯಾನ್ ಕಂಪನಿಯೇ ಆ ಹೀರೋನ ಲೈಸೆನ್ಸ್ ತಗೊಂಡು ಅಚ್ಚು ಹಾಕ್ತು, ನಾಚಿಕೆ ಬೇಡ್ವಾ! ಅಲ್ಲಿನ ಜಡ್ಜ್‌ಗಳಿಗೆ ಹತ್ತು ವರ್ಷ ಮೇಲೆ ಹಿಡಿದದ್ದು ನಮ್ಮ ಸಾಹೇಬರಿಗೆ ಕಬ್ಬಿನ ಹಾಲು ಕುಡಿಯೋಷ್ಟರಲ್ಲಿ ಇತ್ಯರ್ಥ.

ಅಧಿಕಾರ ಇದೆ, ಒಪ್ಕೊಂಡೆ. 2022ರಲ್ಲಿ ಸುಪ್ರೀಂ ಕೋರ್ಟೇ ಕಾಪಿರೈಟ್ ಕಾಯ್ದೆ ಸೆಕ್ಷನ್ 63ರ ಅಪರಾಧಕ್ಕೆ, ಅಂದ್ರೆ ಕಾಪಿ ಹೊಡೆಯೋದಕ್ಕೆ, ವಾರಂಟ್ ಬೇಡ, ಜಾಮೀನೂ ಸುಲಭ ಇಲ್ಲ ಅಂದಿದೆ. ನಮ್ಮ ರಾಜ್ಯದವರು ಇನ್ನೂ ಒಂದು ಹೆಜ್ಜೆ ಮುಂದೆ, 2014ರಲ್ಲೇ ಡಿಜಿಟಲ್ ಕಾಪಿರೈಟ್ ಉಲ್ಲಂಘನೆನ ಗೂಂಡಾ ಕಾಯ್ದೆಗೆ ಸೇರಿಸಿ ಕೂತಿದ್ದಾರೆ. ಮೂರು ವರ್ಷ ಜೈಲಿರೋ ಕಾನೂನನ್ನ ಕೇಪ್ ಬಣ್ಣ ನೋಡಿ ಬಳಸೋದಾ? ಹೋದ ವರ್ಷ ನಮ್ಮ ಬೀದೀಲಿ ಬೈಕ್ ಕಳ್ಳತನ ಆದಾಗ ಸಿಸಿ ಕ್ಯಾಮೆರಾ ವಿಡಿಯೋ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಹೋಗಿ ಕೊಟ್ರೂ 'ಮುಖ ಸರಿಯಾಗಿ ಕಾಣಲ್ಲ' ಅಂದ್ರು. ಕಾಮಿಕ್ಸಲ್ಲಿ ಮಾಸ್ಕ್ ಹಾಕಿದವನ ಮುಖ ಮಾತ್ರ ಚೆನ್ನಾಗಿ ಕಂಡುಬಿಡ್ತು. ಅದೇ ಮೈದಾನದ ಬೋರ್‌ವೆಲ್ ಕೆಟ್ಟು ಎಷ್ಟು ಕಾಲ ಆಯ್ತು, ಚರಂಡಿ ಸ್ಲ್ಯಾಬ್ ಮುರಿದು ಒಬ್ಬ ಅಜ್ಜಿ ಕಾಲು ಮುರ್ಕೊಂಡ್ರು, ವಾರ್ಡ್ ಇಂಜಿನಿಯರ್ ಫೋನ್ ಎತ್ತಲ್ಲ, ಅದಕ್ಕೆ ಯಾವ ಜೀಪೂ ಬರಲ್ಲ.

ಆದ್ರಿಂದ ಸಂಬಂಧಪಟ್ಟವರು ಕೂಡಲೇ ನಮ್ಮ ಬಂಡಲ್ಲು ವಾಪಸ್ ಕೊಡಬೇಕು, ಇಲ್ಲ ನಮ್ಮ ದುಡ್ಡಾದ್ರೂ ಕೊಡಬೇಕು, ನಿಜವಾದ ನಕಲಿನವರನ್ನ ಹಿಡೀಬೇಕು, ಮೇಲಿನವರು ಒಂದು ಕ್ರಮ ಅಂತ ತಗೋಬೇಕು. ನಿಮ್ಮ ವರದಿಗಾರರೂ ಜಾಲ ಗೀಲ ಅಂತ ಬರೆಯೋ ಮುಂಚೆ ಆ ಹುಡುಗರನ್ನ ಒಂದ್ ಮಾತು ಕೇಳಬಹುದಿತ್ತು, ಟೇಬಲ್ ಹತ್ರಾನೇ ನಿಂತು ಫೋಟೋ ತೆಗೀತಿದ್ರಲ್ಲ!

— ನೊಂದ ಓದುಗ, ಬೆಂಗಳೂರು