ಹೊಸ ಬ್ಯಾಗ್ ಈಗಲೇ ಬೇಡ, ದೋಸ್ತ

ಪ್ರೀತಿಯ ದೋಸ್ತ,

ಫೋಟೊ ನೋಡಿದೆ. ಸಂಡೂರಿನ ಗುಡ್ಡದಲ್ಲಿ ಎರಡು ದಿನ ಅಡ್ಡಾಡಲು 14 ಕೆ.ಜಿ. ಸಾಮಾನಾ? ಮೇಲಿಂದ ಹಗುರವಾದ ಹೊಸ ಬ್ಯಾಗ್ ತಗೊಳ್ಳಲಾ ಅಂತ ಬೇರೆ ಕೇಳಿದ್ದೀಯ. ಸದ್ಯಕ್ಕೆ ಬೇಡ. ಬ್ಯಾಗ್ ಕೊಳ್ಳುವುದು ಕಡೆಯ ಕೆಲಸ. ಒಳಗಿನದು ಕಮ್ಮಿ ಆದಮೇಲೆ ಅಲ್ವಾ ಎಷ್ಟು ದೊಡ್ಡದು ಬೇಕು ಅಂತ ಗೊತ್ತಾಗುವುದು?

ಮೊದಲು ನಿಮ್ಮ ಓಣಿಯ ಕಿರಾಣಿ ಅಂಗಡಿಗೆ ಹೋಗಿ ಒಂದೊಂದನ್ನೇ ತೂಗಿಸು. ಅಂಗಡಿಯವರು ನಕ್ಕರೆ ನಗಲಿ. ಕೈಯಲ್ಲಿ ಹಿಡಿದಾಗ ಎಲ್ಲವೂ ಹಗುರವೇ. ಆ ಜೀನ್ಸ್ ಪ್ಯಾಂಟ್ ಅರ್ಧ ಕೆ.ಜಿ. ದಾಟುತ್ತದೆ, ನೆನೆದರೆ ಬೇಗ ಒಣಗುವುದೂ ಇಲ್ಲ. ನಿನ್ನ ಸ್ಟೀಲ್ ಬಾಟಲಿ ಖಾಲಿ ಇದ್ದಾಗಲೇ ಕಾಲು ಕೆ.ಜಿ. ಮೇಲಿರುತ್ತದೆ. ಅಂಗಡಿಯಲ್ಲಿ ಸಿಗುವ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿ ಸುಮಾರು 30 ಗ್ರಾಂ, ಅಷ್ಟೇ.

ನಿಜವಾದ ಭಾರ ಇರುವುದು ಬ್ಯಾಗ್, ಟೆಂಟ್, ಸ್ಲೀಪಿಂಗ್ ಬ್ಯಾಗ್ ಈ ಮೂರರಲ್ಲಿ. ಇಬ್ಬರಿಗೂ ಒಂದೇ ಟೆಂಟ್ ಸಾಕು. ಟೆಂಟಿನ ಬಟ್ಟೆ ನೀನು ಹೊರು, ಅದರ ಕಡ್ಡಿ-ಗೂಟ ನಾನು ತರುತ್ತೇನೆ. ಹಿಮಾಲಯಕ್ಕೆ ಅಂತ ತಂದ ಆ ದಪ್ಪ ಸ್ಲೀಪಿಂಗ್ ಬ್ಯಾಗ್ ಮನೆಯಲ್ಲೇ ಇರಲಿ. ನಮ್ಮ ಕಡೆಯ ಚಳಿಗೆ ಸ್ವೆಟರ್, ಒಂದು ಹೊದಿಕೆ ಸಾಕು.

1955ರಲ್ಲಿ ಎಮ್ಮಾ ಗೇಟ್‌ವುಡ್ ಅನ್ನುವ 67 ವರ್ಷದ ಅಜ್ಜಿ ಅಮೆರಿಕದ ಅಪಲೇಚಿಯನ್ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದರು. 3,000 ಕಿ.ಮೀ.ಗಿಂತ ಜಾಸ್ತಿ! ಟೆಂಟ್ ಇಲ್ಲ, ಸ್ಲೀಪಿಂಗ್ ಬ್ಯಾಗ್ ಇಲ್ಲ. ಹೆಗಲಿಗೆ ತಾವೇ ಹೊಲಿದ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ದಾರಿಯಲ್ಲಿ ಕಂಡವರ ಮನೆ ಬಾಗಿಲು ತಟ್ಟಿ ಮಲಗಿದ್ದೂ ಉಂಟು. ನಮಗೆ ಅಷ್ಟು ಧೈರ್ಯ ಇಲ್ಲ ಬಿಡು.

ಸ್ಟೋವ್, ಗ್ಯಾಸ್, ಪಾತ್ರೆ ಯಾವುದೂ ಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದಿಷ್ಟು ಬೆಲ್ಲ ನಾನು ಕಟ್ಟಿಸಿಕೊಂಡು ಬರುತ್ತೇನೆ. ಒಣಗಿದ ರೊಟ್ಟಿಯಲ್ಲಿ ನೀರಿನಂಶ ತುಂಬಾ ಕಮ್ಮಿ, ಅದಕ್ಕೇ ಅಷ್ಟು ಹಗುರ. ಮನೆಯಲ್ಲೇ ನಾಲ್ಕು ತುಂಡು ಮಾಡಿ, ಬಟ್ಟೆಯಲ್ಲಿ ಸುತ್ತಿ, ಬ್ಯಾಗಿನ ಮೇಲ್ಭಾಗದಲ್ಲಿ ಇಡಬೇಕು. ತಳದಲ್ಲಿ ಹಾಕಿದರೆ ಸಂಜೆಗೆ ಬರೀ ಪುಡಿ.

ನೀರಿನಲ್ಲಿ ಮಾತ್ರ ಜಿಪುಣತನ ಬೇಡ. ಒಂದು ಲೀಟರ್ ಅಂದರೆ ಒಂದು ಕೆ.ಜಿ. ಹೌದು, ಆದರೂ ತಲಾ ಮೂರು ಲೀಟರ್ ಹೊರೋಣ. ಗಣಿ ಇರುವ ಕಡೆ ಕೆಂಪಗೆ ಹರಿಯುವ ಹಳ್ಳ ನಂಬಿಕೊಂಡು ಹೋಗುವುದು ಯಾಕೆ? ಟಾರ್ಚ್, ಔಷಧಿಯನ್ನೂ ತೆಗೆಯಬೇಡ.

ರಾತ್ರಿ ಕಾಡಿನಲ್ಲಿ ಉಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ನಾನು ವಿಚಾರಿಸುತ್ತೇನೆ. ಸಿಗದಿದ್ದರೆ ಸಂಡೂರಿನಲ್ಲೇ ರೂಮ್ ಮಾಡಿ ಮಲಗೋಣ. ಆಗ ಟೆಂಟೂ ಬೇಡ!

ತೂಕದ ಪಟ್ಟಿ ಬೇಗ ಕಳಿಸು.

ನಿನ್ನ ಗೆಳೆಯ,
ಬಳ್ಳಾರಿ