ಐವತ್ಮೂರು ಜನರ ಒಂದು ಕೋಣೆ

ನ್ಯೂಜೆರ್ಸಿ
26 ನವೆಂಬರ್ 2024, ಮಂಗಳವಾರ

ಪೂಜ್ಯ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಚಿಕ್ಕಮ್ಮ ಕಳಿಸಿದ ಚಟ್ನಿಪುಡಿ ಡಬ್ಬ ಒಡೆಯದೆ ಬಂದು ಸೇರಿತು. ನಿಮ್ಮ ಮಂಡಿನೋವು ಹೇಗಿದೆ ಅಂತ ಮರೆಯದೆ ಬರೆಯಿರಿ.

ಹೋದ ವಾರ ಫೋನಿನಲ್ಲಿ ನೀವು ಕೇಳಿದ್ದು ತಲೆಯಲ್ಲೇ ಕೂತಿದೆ: “ಏಳು ಜನ ಕಬಡ್ಡಿ ಹುಡುಗರನ್ನ ಒಂದು ದಾರಿಗೆ ತರೋಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಗುತ್ತೆ. ಆ ಅಮೆರಿಕನ್ ಫುಟ್‌ಬಾಲಿನವರು ಐವತ್ತು ಜನ ದೈತ್ಯರನ್ನ ಒಂದೇ ಕೋಣೇಲಿ ಹೇಗಪ್ಪ ಇಟ್ಟುಕೊಳ್ತಾರೆ?” ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ನಾನಿರುವ ಕಡೆಯ ಒಳಗಿನ ಸಂಗತಿ ಬರೆಯುವ ಹಾಗಿಲ್ಲ, ಸಹಿ ಹಾಕಿ ಕೊಟ್ಟಾಗಿದೆ. ಆದ್ದರಿಂದ ಎಲ್ಲರಿಗೂ ಗೊತ್ತಿರುವುದನ್ನೇ ಬಿಡಿಸಿ ಬರೆಯುತ್ತೇನೆ.

ಮೊದಲು ಲೆಕ್ಕ. ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ಟೀಮುಗಳು. ಜುಲೈ ಕೊನೆಗೆ ಶಿಬಿರ ಶುರುವಾದಾಗ ಒಂದೊಂದು ಟೀಮಿನಲ್ಲೂ 90 ಜನ. ಆಗಸ್ಟ್ ಮುಗಿಯುವಷ್ಟರಲ್ಲಿ ಅದು 53ಕ್ಕೆ ಇಳಿಯಬೇಕು. ಉಳಿದವರಲ್ಲಿ 16 ಜನರನ್ನು ಪ್ರಾಕ್ಟೀಸ್ ಸ್ಕ್ವಾಡ್ ಅಂತ ಇಟ್ಟುಕೊಳ್ಳಬಹುದು. ಅವರು ವಾರವೆಲ್ಲ ಎದುರಾಳಿಯ ವೇಷ ಹಾಕಿ ಅಭ್ಯಾಸಕ್ಕೆ ನಿಲ್ಲುತ್ತಾರೆ, ಆಟದ ದಿನ ಬಹುಪಾಲು ಅಂಗಿ ತೊಡುವುದಿಲ್ಲ. ತೆಗೆದುಹಾಕುವ ಸುದ್ದಿ ಹೇಳಲು ಬರುವ ನೌಕರನಿಗೆ ಆಟಗಾರರು ಇಟ್ಟಿರುವ ಅಡ್ಡಹೆಸರು ‘ಟರ್ಕ್’. ಅವನು ಹೆಗಲು ಮುಟ್ಟಿ “ಕೋಚ್ ಕರೀತಿದ್ದಾರೆ, ಪ್ಲೇಬುಕ್ ತಗೊಂಡು ಬಾ” ಅಂದರೆ ಕಥೆ ಮುಗಿಯಿತು. ಪ್ಲೇಬುಕ್ ಅಂದರೆ ಟೀಮಿನ ಆಟದ ಯೋಜನೆಗಳ ಪುಸ್ತಕ. ಈಗ ಪುಸ್ತಕದ ಬದಲು ಐಪ್ಯಾಡ್, ಅಷ್ಟೇ ವ್ಯತ್ಯಾಸ.

ಇನ್ನು ದುಡ್ಡು. ಈ ವರ್ಷ 53ರೊಳಗಿನ ಹೊಸಬನಿಗೆ ಕನಿಷ್ಠ ಸಂಬಳ 7,95,000 ಡಾಲರ್, ಪ್ರಾಕ್ಟೀಸ್ ಸ್ಕ್ವಾಡಿನ ಹುಡುಗನಿಗೆ ವಾರಕ್ಕೆ 12,500. ಡಲ್ಲಾಸ್‌ನ ಡ್ಯಾಕ್ ಪ್ರೆಸ್ಕಾಟ್ ಸೆಪ್ಟೆಂಬರಿನಲ್ಲಿ ಸಹಿ ಹಾಕಿದ ಕರಾರು ವರ್ಷಕ್ಕೆ ಸರಾಸರಿ 6 ಕೋಟಿ ಡಾಲರ್. ಇವರೆಲ್ಲ ಬಟ್ಟೆ ಬದಲಿಸುವುದು ಒಂದೇ ಸೂರಿನಡಿ. ಟೀಮು ಸಂಬಳಕ್ಕೆ ಖರ್ಚು ಮಾಡಬಹುದಾದ ಒಟ್ಟು ಮೊತ್ತಕ್ಕೂ ಮಿತಿ ಇದೆ, ಈ ವರ್ಷ 25 ಕೋಟಿ 54 ಲಕ್ಷ ಡಾಲರ್. ಅಂದರೆ ಪಕ್ಕದವನ ತಟ್ಟೆಗೆ ಹೆಚ್ಚು ಬಿದ್ದರೆ ಇನ್ನೊಬ್ಬನ ತಟ್ಟೆಯಲ್ಲಿ ಅಷ್ಟು ಕಡಿಮೆ. ಕರಾರಿನ ಹಣವೆಲ್ಲ ಖಾತ್ರಿಯೂ ಅಲ್ಲ. ಇಷ್ಟಿದ್ದೂ ಜಗಳಗಳು ಇಷ್ಟು ಕಡಿಮೆ ಅನ್ನುವುದೇ ನನಗೆ ಸೋಜಿಗ.

ಲಾಕರ್ ಅಂದರೆ ಬೀರು ಅಂದುಕೊಳ್ಳಬೇಡಿ. ಬಾಗಿಲಿಲ್ಲದ ಮರದ ಗೂಡು, ಮೇಲೆ ಹೆಸರಿನ ಫಲಕ, ಮುಂದೊಂದು ಕುರ್ಚಿ. ಸಾಮಾನ್ಯವಾಗಿ ಒಂದೇ ಕೆಲಸದವರನ್ನು ಒಟ್ಟಿಗೆ ಕೂರಿಸುತ್ತಾರೆ. ಮೂಲೆಯ ಗೂಡು ಹಿರಿಯರದ್ದು. ನಿಜವಾದ ಕೆಲಸ ನಡೆಯುವುದು ಇನ್ನೂ ಚಿಕ್ಕ ಕೋಣೆಗಳಲ್ಲಿ: ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳಿಗೆ ಒಂದು, ಮುಂದಿನ ಸಾಲಿನವರಿಗೆ ಒಂದು, ಚೆಂಡು ಹಿಡಿಯುವವರಿಗೆ ಒಂದು, ಹೀಗೆ. 53 ಜನರ ಸ್ನೇಹ ಯಾರಿಗೂ ಬೇಕಾಗಿಲ್ಲ ಚಿಕ್ಕಪ್ಪ. ಬೇಕಾಗಿರುವುದು ಐದು ಜನರ, ಮೂರು ಜನರ, ಇಬ್ಬರ ಹೊಂದಾಣಿಕೆಗಳು. ಟಿವಿಯವರು ‘ಟೀಮ್ ಕೆಮಿಸ್ಟ್ರಿ’ ಅಂತ ದಿನಕ್ಕೆ ಹತ್ತು ಸಲ ಅನ್ನುತ್ತಾರೆ. ಗೆದ್ದವರಿಗೆಲ್ಲ ಅದು ಇರುತ್ತದೆ, ಸೋತವರಿಗೆ ಇರುವುದಿಲ್ಲ. ನನ್ನ ಮಟ್ಟಿಗೆ ಅದು ಪಕ್ಕದವನು ಮುಂದಿನ ಅರೆಕ್ಷಣದಲ್ಲಿ ಏನು ಮಾಡುತ್ತಾನೆ ಅಂತ ನೋಡದೆ ಗೊತ್ತಿರುವುದು.

ಐದು ಜನರದ್ದನ್ನೇ ನೋಡಿ. ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯಾಗಿ ನಿಲ್ಲುವ ಸಾಲು: ನಡುವೆ ಸೆಂಟರ್, ಅವನ ಎಡಬಲಕ್ಕೆ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಡುವವನು ಸೆಂಟರ್. ಸ್ವಂತ ಮೈದಾನದಲ್ಲಿ ಕ್ವಾರ್ಟರ್‌ಬ್ಯಾಕ್ ಕೂಗಿದ ಎಣಿಕೆಗೆ ಐದೂ ಜನ ಎದ್ದರೆ ಆಯಿತು. ಪರಊರಿನಲ್ಲಿ ಎಪ್ಪತ್ತು ಸಾವಿರ ಜನ ಬೊಬ್ಬೆ ಹೊಡೆಯುವಾಗ ಏನೂ ಕೇಳಿಸದು. ಅದಕ್ಕೆ ಮೂಕ ಎಣಿಕೆ. ಸೆಂಟರ್ ತಲೆ ಬಗ್ಗಿಸಿರುತ್ತಾನೆ. ಪಕ್ಕದ ಗಾರ್ಡ್ ಹಿಂದೆ ತಿರುಗಿ ಕ್ವಾರ್ಟರ್‌ಬ್ಯಾಕನ್ನು ನೋಡುತ್ತಿರುತ್ತಾನೆ. ಕ್ವಾರ್ಟರ್‌ಬ್ಯಾಕ್ ಕಾಲೆತ್ತಿಯೋ ಕೈಯಾಡಿಸಿಯೋ ಸನ್ನೆ ಕೊಟ್ಟ ಕೂಡಲೇ ಗಾರ್ಡ್ ಸೆಂಟರಿನ ತೊಡೆ ತಟ್ಟುತ್ತಾನೆ. ಸೆಂಟರ್ ತಲೆ ಎತ್ತುತ್ತಾನೆ, ಒಂದು ತಾಳ ಬಿಟ್ಟು ಚೆಂಡು ಕೊಡುತ್ತಾನೆ. ತುದಿಯ ಟ್ಯಾಕಲ್‌ಗಳು ಓರೆಗಣ್ಣಿನಲ್ಲಿ ಆ ತಲೆಯನ್ನೇ ನೋಡುತ್ತ ಎಣಿಸಿಕೊಂಡು ಏಳಬೇಕು.

ಕೆಡುವುದು ಎರಡು ರೀತಿ. ಟ್ಯಾಕಲ್ ಅವಸರಪಟ್ಟು ಮೊದಲೇ ಕದಲಿದರೆ ಫಾಲ್ಸ್ ಸ್ಟಾರ್ಟ್, 5 ಗಜ ದಂಡ. ಆ ದಂಡಕ್ಕೆ ಹೆದರಿ ತಡ ಮಾಡಿದರೆ ಎದುರಿನವನು ಆಗಲೇ ಅವನ ಭುಜ ದಾಟಿರುತ್ತಾನೆ. ಇನ್ನೊಂದು, ತಲೆ ಎತ್ತುವುದಕ್ಕೂ ಚೆಂಡು ಬಿಡುವುದಕ್ಕೂ ನಡುವಿನ ತಾಳ ಎದುರಾಳಿಗೂ ಪಾಠವಾಗಿಬಿಡುತ್ತದೆ. ಆಗ ಒಮ್ಮೆ ತಲೆ ಎತ್ತಿ, ಚೆಂಡು ಬಿಡದೆ, ಎರಡನೇ ಸಲ ಎತ್ತಿದಾಗ ಬಿಡಬೇಕು. ಐದರಲ್ಲಿ ಒಬ್ಬನಿಗೆ ಅದು ಮರೆತರೂ ಕೆಲಸ ಕೆಟ್ಟಿತು.

ಚೆಂಡು ಹೊರಟ ಮೇಲೂ ಮುಗಿಯಲಿಲ್ಲ. ಎದುರಿನ ಇಬ್ಬರು ಕತ್ತರಿಯಂತೆ ಜಾಗ ಅದಲುಬದಲು ಮಾಡಿಕೊಂಡು ನುಗ್ಗುತ್ತಾರೆ, ಅದಕ್ಕೆ ಸ್ಟಂಟ್ ಅನ್ನುತ್ತಾರೆ. ಆಗ ಗಾರ್ಡ್ ತನ್ನ ಆಳನ್ನು ಟ್ಯಾಕಲ್ ಕಡೆಗೆ ದಾಟಿಸಿ, ಸುತ್ತಿಬರುವವನಿಗೆ ತಾನು ಎದುರಾಗಬೇಕು. ಇಬ್ಬರೂ ಒಬ್ಬನ ಹಿಂದೆಯೇ ಹೋದರೆ ಮತ್ತೊಬ್ಬನಿಗೆ ರಾಜಮಾರ್ಗ. ಕೂಗಿ ಹೇಳಲು ಪುರಸೊತ್ತಿಲ್ಲ. ಸೊಂಟಕ್ಕೆ ಸೊಂಟ ತಾಗಿದ್ದರಲ್ಲೇ ತಿಳಿಯಬೇಕು. ನಿಮ್ಮ ಹುಡುಗರು ಚೈನ್ ಹಿಡಿದು ನಿಂತಾಗ ಕಾರ್ನರ್‌ನವನು ಕಾಲಿಗೆ ಬಿದ್ದ ಕೂಡಲೇ ಕವರ್‌ನವನು ನೋಡದೆ ಮೇಲೆ ಬೀಳುತ್ತಾನಲ್ಲ, ಅದೇ ಜಾತಿಯ ತಿಳಿವಳಿಕೆ. ಆದ್ದರಿಂದಲೇ ಗಾಯವಾಗಿ ಒಬ್ಬ ಗಾರ್ಡ್ ಬದಲಾದರೆ ಹೊಸಬ ಎಷ್ಟೇ ಗಟ್ಟಿಗನಾಗಿರಲಿ, ಅವನ ಪಕ್ಕದ ಟ್ಯಾಕಲ್ ಒಂದು ಕ್ಷಣ ಅನುಮಾನಿಸುತ್ತಾನೆ. ನೋಡುವವರು ಹೊಸಬನನ್ನು ಬೈಯುತ್ತಾರೆ, ಹೊಡೆತ ಬಿದ್ದಿರುವುದು ಹಳಬನ ಕಡೆಯಿಂದ. ಈ ಐವರು ವಾರಕ್ಕೊಮ್ಮೆ ಒಟ್ಟಿಗೆ ಊಟಕ್ಕೆ ಹೋಗುವ ವಾಡಿಕೆ ಹಲವು ಟೀಮುಗಳಲ್ಲಿದೆ. ಕ್ರಿಸ್‌ಮಸ್‌ಗೆ ಕ್ವಾರ್ಟರ್‌ಬ್ಯಾಕ್ ತನ್ನ ಕೈಯಿಂದ ಇವರಿಗೆ ಉಡುಗೊರೆ ಕೊಡಲೇಬೇಕು. ಪ್ರಾಣ ಕಾಯುವವರಲ್ಲವೇ.

ಮೂರು ಜನರದ್ದು ಇನ್ನೂ ನಾಜೂಕು. ಗೋಲಿಗೆ ಒದೆಯುವಾಗ ಲಾಂಗ್ ಸ್ನ್ಯಾಪರ್ 7–8 ಗಜ ಹಿಂದಕ್ಕೆ ಚೆಂಡು ಎಸೆಯುತ್ತಾನೆ, ಹೋಲ್ಡರ್ ಹಿಡಿದು ನೆಲಕ್ಕೆ ನಿಲ್ಲಿಸುತ್ತಾನೆ, ಕಿಕರ್ ಒದೆಯುತ್ತಾನೆ. ಎಸೆತದಿಂದ ಒದೆತಕ್ಕೆ ಸುಮಾರು 1.3 ಸೆಕೆಂಡು. ಅದಕ್ಕಿಂತ ತಡವಾದರೆ ತುದಿಯಿಂದ ಓಡಿಬಂದವನು ಕೈ ಅಡ್ಡ ಹಾಕುತ್ತಾನೆ. ಚೆಂಡಿನ ಹೊಲಿಗೆ ಗೋಲಿನ ಕಂಬಗಳ ಕಡೆಗೆ ತಿರುಗಿರಬೇಕು. ಕಾಲಿಗೆ ಹೊಲಿಗೆ ತಾಗಿದರೆ ಚೆಂಡು ದಾರಿ ತಪ್ಪುತ್ತದೆ. ಒಳ್ಳೆಯ ಸ್ನ್ಯಾಪರ್ ಚೆಂಡು ಗಾಳಿಯಲ್ಲಿ ಎಷ್ಟು ಸುತ್ತು ಉರುಳಬೇಕು ಅನ್ನುವುದನ್ನೂ ಅಳೆದಿರುತ್ತಾನೆ, ಹೋಲ್ಡರಿನ ಕೈಗೆ ಬಂದಾಗ ಹೊಲಿಗೆ ಆಗಲೇ ಮುಂದಿರುವಂತೆ. ತಪ್ಪಿದರೆ ಹೋಲ್ಡರ್ ಬೆರಳಲ್ಲಿ ತಿರುಗಿಸಬೇಕು, ಅಷ್ಟರಲ್ಲಿ ಕಿಕರ್ ಹೆಜ್ಜೆ ಇಟ್ಟಾಗಿರುತ್ತದೆ. ಚೆಂಡು ಎಷ್ಟು ವಾಲಿರಬೇಕು ಅನ್ನುವುದು ಒಬ್ಬೊಬ್ಬ ಕಿಕರಿನದು ಒಂದೊಂದು ರುಚಿ. ಹೆಚ್ಚಿನ ಕಡೆ ಹೋಲ್ಡರ್ ಆಗುವವನು ಪಂಟರ್, ಅಂದರೆ ಚೆಂಡನ್ನು ಕೈಯಿಂದ ಬಿಟ್ಟು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುವವನು. ಕಾರಣ ಸರಳ: ಅವನಿಗೂ ಅಭ್ಯಾಸದಲ್ಲಿ ಬೇರೆ ಕೆಲಸವಿಲ್ಲ, ಮೂವರೂ ಬದಿಯಲ್ಲಿ ನಿಂತು ದಿನವೂ ಇದನ್ನೇ ಮಾಡಬಹುದು. ಉಳಿದವರು ಈ ಮೂವರನ್ನು ಗೇಲಿ ಮಾಡುವುದು ಮಾಮೂಲು, ಕೊನೆಯ ಮೂರು ಸೆಕೆಂಡು ಉಳಿದು ಎರಡು ಪಾಯಿಂಟ್ ಹಿಂದಿರುವ ತನಕ.

ಇನ್ನು ಹೊಸಬರ ವಿಚಾರ. ರೂಕಿಗಳು ಬೆಳಿಗ್ಗೆ ಡೋನಟ್ ತರುವುದು, ಶಿಬಿರದಲ್ಲಿ ಹಿರಿಯರ ಹೆಲ್ಮೆಟ್, ಭುಜದ ಪ್ಯಾಡು ಹೊರುವುದು, ಎಲ್ಲರೆದುರು ಎದ್ದು ಹಾಡುವುದು ಹಳೆಯ ರೂಢಿ. 2010ರಲ್ಲಿ ಡಲ್ಲಾಸ್‌ನ ಡೆಜ್ ಬ್ರಯಂಟ್ ಪ್ಯಾಡು ಹೊರಲು ಒಪ್ಪಲಿಲ್ಲ. ಆಮೇಲೆ ಹಿರಿಯರು ಅವನ ಲೆಕ್ಕಕ್ಕೆ ಉಂಡ ಒಂದು ರಾತ್ರಿಯ ಬಿಲ್ಲು ಐವತ್ತು ಸಾವಿರ ಡಾಲರ್ ದಾಟಿತು. ಇದು ಎಲ್ಲಿಯವರೆಗೆ ತಮಾಷೆ? ಮಯಾಮಿ ಡಾಲ್ಫಿನ್ಸ್‌ನ ಪ್ರಕರಣ ನೋಡಿದರೆ ಗೊತ್ತಾಗುತ್ತದೆ. 2013ರ ಅಕ್ಟೋಬರ್ 28ರಂದು ಜೊನಾಥನ್ ಮಾರ್ಟಿನ್ ಎಂಬ ಟ್ಯಾಕಲ್ ಟೀಮು ಬಿಟ್ಟು ಹೊರಟುಹೋದ. ಲೀಗ್ ನೇಮಿಸಿದ ವಕೀಲ ಟೆಡ್ ವೆಲ್ಸ್ 2014ರ ಫೆಬ್ರವರಿಯಲ್ಲಿ ಕೊಟ್ಟ 144 ಪುಟದ ವರದಿಯ ಪ್ರಕಾರ, ಅದೇ ಸಾಲಿನ ಸಹಆಟಗಾರರು ಅವನನ್ನೂ ಇನ್ನೊಬ್ಬ ಕಿರಿಯನನ್ನೂ ಸಹಾಯಕ ಟ್ರೈನರ್ ಒಬ್ಬನನ್ನೂ ಸತತವಾಗಿ ಹಿಂಸಿಸಿದ್ದರು. ಮುಂದಾಳಾಗಿದ್ದ ರಿಚಿ ಇನ್‌ಕಾಗ್ನಿಟೊ ಟೀಮಿನ ನಾಯಕರ ಮಂಡಳಿಯಲ್ಲೇ ಇದ್ದವನು! ಆ ಗುಂಪಿಗೊಂದು ದಂಡದ ಪುಸ್ತಕವಿತ್ತು, ಜೊತೆಗೆ ಕೋಚ್‌ಗೆ ದೂರು ಕೊಟ್ಟವನು ದ್ರೋಹಿ ಎಂಬ ಕಟ್ಟಳೆ. ದಂಡದ ಪುಸ್ತಕ ಬೇಕಾದಷ್ಟು ಟೀಮುಗಳಲ್ಲಿದೆ, ಮೀಟಿಂಗಿಗೆ ತಡವಾದವನಿಂದ ಚಿಲ್ಲರೆ ಕಿತ್ತು ವರ್ಷದ ಕೊನೆಗೆ ಊಟ ಮಾಡುತ್ತಾರೆ; ಅದರಲ್ಲಿ ತಪ್ಪಿಲ್ಲ. ಕೆಟ್ಟದ್ದು ಆ ಕಟ್ಟಳೆ. ಬಾಯಿಗೆ ಬೀಗ ಹಾಕಿದ ಮೇಲೆ ಒಳಗೆ ಏನು ಕೊಳೆಯುತ್ತಿದೆ ಅಂತ ಕೋಚ್‌ಗೆ ಹೇಗೆ ಗೊತ್ತಾಗಬೇಕು? ಹೊರಗಿನಿಂದ ನೋಡಿದರೆ ಆ ಸಾಲು ಭಾರಿ ಒಗ್ಗಟ್ಟಿನದ್ದು. ನಿಮ್ಮ ಹಾಸ್ಟೆಲ್ ಹುಡುಗರಲ್ಲೂ ‘ಸಾರ್‌ಗೆ ಹೇಳಬಾರದು’ ಅನ್ನುವ ಮಾತು ಕಿವಿಗೆ ಬಿದ್ದರೆ ಅವತ್ತೇ ವಿಚಾರಿಸಿ.

ಕೋಚ್ ಮತ್ತು ಆಟಗಾರರ ನಡುವಿನದ್ದಕ್ಕೆ ಇಲ್ಲಿಯ ನ್ಯೂಯಾರ್ಕ್ ಜೈಂಟ್ಸ್ ಟೀಮೇ ಸಾಕ್ಷಿ. ಟಾಮ್ ಕಾಫ್ಲಿನ್ 2004ರಲ್ಲಿ ಕೋಚ್ ಆಗಿ ಬಂದಾಗ ಮೀಟಿಂಗಿಗೆ ಐದು ನಿಮಿಷ ಮುಂಚೆ ಇರಬೇಕು ಅಂದರು. ಹೇಳಿದ ಹೊತ್ತಿಗೆ ಸರಿಯಾಗಿ ಬಂದವರಿಗೂ ದಂಡ ಬಿತ್ತು. ಹಿರಿಯರು ಕುದಿದರು. 2006 ಮುಗಿದಾಗ 8 ಗೆಲುವು, 8 ಸೋಲು. 2007ಕ್ಕೆ ಕಾಫ್ಲಿನ್ ಮಾಡಿದ್ದು ಇಷ್ಟು: ಆಟಗಾರರಿಂದಲೇ ಒಂದು ನಾಯಕರ ಮಂಡಳಿ ಕಟ್ಟಿದರು, ಒಂದು ಸಂಜೆ ಮೀಟಿಂಗ್ ರದ್ದು ಮಾಡಿ ಎಲ್ಲರನ್ನೂ ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟಕ್ಕೆ ಕರೆದೊಯ್ದರು. ಪತ್ರಿಕೆಯವರು ಬೌಲಿಂಗ್ ಬಗ್ಗೆಯೇ ಬರೆದರು, ಕೆಲಸ ಮಾಡಿದ್ದು ಮಂಡಳಿ ಅಂತ ನನ್ನ ಲೆಕ್ಕ. ದೂರು ಹುಳಿಯುವ ಮೊದಲು ಮೇಲೆ ತಲುಪುತ್ತಿತ್ತು, ಕೋಚ್ ಮಾತು ಕೆಳಗೆ ಬರುವಾಗ ಸಹಆಟಗಾರನ ಬಾಯಲ್ಲಿ ಬರುತ್ತಿತ್ತು. ಐದು ನಿಮಿಷದ ನಿಯಮ ಮಾತ್ರ ಹಾಗೇ ಉಳಿಯಿತು. ಆ ವರ್ಷ ಮೊದಲ ಎರಡೂ ಆಟ ಸೋತರು, ಆಮೇಲೆ ಸಾಲಾಗಿ ಆರು ಗೆದ್ದರು. 2008ರ ಫೆಬ್ರವರಿ 3ರಂದು, 18 ಆಟಗಳಲ್ಲಿ ಒಂದನ್ನೂ ಸೋಲದೆ ಬಂದಿದ್ದ ಪೇಟ್ರಿಯಟ್ಸ್ ಟೀಮನ್ನು 17–14ರಿಂದ ಸೋಲಿಸಿ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದರು.

ಅದೇ ಟೀಮು ಈಗ ಹೇಗಿದೆ ಕೇಳಿ. ಹೋದ ಸೋಮವಾರ, 18ಕ್ಕೆ, ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್‌ನನ್ನು ಆಡಿಸದೆ ಹೊರಗೆ ಕೂರಿಸಿದರು. ಎರಡನೆಯ ಸ್ಥಾನದಲ್ಲಿದ್ದ ಡ್ರೂ ಲಾಕ್‌ನನ್ನು ಬಿಟ್ಟು ಮೂರನೆಯವನಾದ ಟಾಮಿ ಡಿವಿಟೊಗೆ ಕೆಲಸ ಕೊಟ್ಟರು. ಶುಕ್ರವಾರ ಜೋನ್ಸ್ ತಾನೇ ಕೇಳಿಕೊಂಡು ಬಿಡುಗಡೆ ಪಡೆದ. ಭಾನುವಾರ ತಮ್ಮ ಮೈದಾನದಲ್ಲೇ ಟ್ಯಾಂಪಾ ಬೇ ಕೈಯಲ್ಲಿ 30–7ರ ಸೋಲು. ಆಟ ಮುಗಿದ ಮೇಲೆ ಹೊಸಬ ಮಲಿಕ್ ನೇಬರ್ಸ್, ಹಿರಿಯ ಡೆಕ್ಸ್‌ಟರ್ ಲಾರೆನ್ಸ್ ಇಬ್ಬರೂ ವರದಿಗಾರರ ಮುಂದೆಯೇ ಟೀಮು ಮೆತ್ತಗೆ ಆಡಿತು ಅಂದರು. ಇಲ್ಲಿ ಆಟದ ನಂತರವೂ ಅಭ್ಯಾಸದ ದಿನಗಳಲ್ಲೂ ಪತ್ರಕರ್ತರು ಲಾಕರ್ ರೂಮಿನೊಳಕ್ಕೇ ಬರುತ್ತಾರೆ, ಟವೆಲ್ ಸುತ್ತಿಕೊಂಡವನ ಮುಂದೆ ಮೈಕು ಹಿಡಿಯುತ್ತಾರೆ. ಸೋಮವಾರ ಕೋಣೆಯೊಳಗೆ, ವಿಡಿಯೋ ಹಾಕಿ ಯಾರ ತಪ್ಪು ಅಂತ ನೋಡುವಾಗ ಆಡಿದರೆ ಅದೇ ಮಾತು ಔಷಧಿ. ಭಾನುವಾರ ಮೈಕಿನ ಮುಂದೆ ಆಡಿದರೆ ಗಾಯಕ್ಕೆ ಉಪ್ಪು. ಮಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಎರಡನೆಯವನನ್ನು ದಾಟಿ ಮೂರನೆಯವನನ್ನು ಕರೆದಾಗ ಸಾಲಿನಲ್ಲಿ ಕಾಯುತ್ತಿರುವ ಪ್ರತಿಯೊಬ್ಬನೂ ತನ್ನ ಸರದಿಯ ಲೆಕ್ಕ ಮತ್ತೆ ಹಾಕಿಕೊಳ್ಳುತ್ತಾನೆ, ಅದನ್ನು ಆಡಳಿತದವರು ಎಣಿಸಿರಲಿಲ್ಲ ಅಂತ ನನಗನ್ನಿಸುತ್ತದೆ.

ಮಂಗಳವಾರ ಆಟಗಾರರಿಗೆ ಸಾಮಾನ್ಯವಾಗಿ ರಜೆ. ಈ ವಾರ ಅದೂ ಇಲ್ಲ, ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನವೇ ಡಲ್ಲಾಸ್‌ನಲ್ಲಿ ಆಟ. ನಮಗೆ ಸಂಜೆ 4.30, ನಿಮಗೆ ಶುಕ್ರವಾರ ಬೆಳಗಿನ ಜಾವ 3 ಗಂಟೆ. ಎಚ್ಚರವಾದರೆ ಫೋನಿನಲ್ಲಿ ಹಾಕಿ ನೋಡಿ. ಜೈಂಟ್ಸ್ ಕೈಗೆ ಚೆಂಡು ಬಂದಾಗ ಚೆಂಡನ್ನು ನೋಡಬೇಡಿ, ಸೆಂಟರ್ ಪಕ್ಕದ ಗಾರ್ಡಿನ ಕೈ ನೋಡಿ. ಗದ್ದಲ ಜೋರಾದಾಗ ಅವನು ತೊಡೆ ತಟ್ಟುತ್ತಾನೋ ಇಲ್ಲವೋ, ತಟ್ಟಿದ ಮೇಲೆ ಎಡತುದಿಯವನೂ ಬಲತುದಿಯವನೂ ಒಟ್ಟಿಗೇ ಏಳುತ್ತಾರೋ ಅಂತ ನೋಡಿ ನನಗೆ ಬರೆಯಿರಿ.

ಚಿಕ್ಕಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ. ಪುಟ್ಟಿಗೆ ಮುತ್ತು.

ಇತಿ ನಿಮ್ಮ ಮಗನ ಸಮಾನ,
ರಘು